ಎಲ್ಲವೂ ಒಂದೇ ವಯಸ್ಸಿನವಾ?

ಈ ಸಲದ ಪಾಡ್‌ಕಾಸ್ಟ್‌ನಲ್ಲಿ ಸಮಯ ಸಾಲದೆ ಬಿಟ್ಟ ಮಾತೊಂದನ್ನು ಇಲ್ಲಿ ಬರೀತಿದ್ದೀನಿ. 1979ರಲ್ಲಿ ಲ್ಯಾಂಬ್ರೋಸ್ ಮತ್ತು ವ್ಯಾಂಡರ್‌ಬರ್ಗ್ ಪ್ರಕಟಿಸಿದ ಪ್ರಬಂಧವೊಂದರ ಬಗ್ಗೆ. ಮಲೇರಿಯಾ ಲ್ಯಾಬ್‌ಗಳು ಇವತ್ತಿಗೂ ಅದರ ವಿಧಾನ ಬಿಟ್ಟಿಲ್ಲ.

ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂಬ ಮಲೇರಿಯಾ ಪರಾವಲಂಬಿ ನಮ್ಮ ಕೆಂಪು ರಕ್ತಕಣದೊಳಗೆ ಸುಮಾರು 48 ಗಂಟೆ ಬೆಳೆಯುತ್ತೆ. ಮೊದಲು ಉಂಗುರದಂಥ ಎಳೆ ಹಂತ, ಆಮೇಲೆ ಬಲಿಯೋದು, ಕೊನೆಗೆ ಹಲವು ಮರಿಗಳಾಗಿ ಕಣವನ್ನೇ ಒಡೆದು ಹೊರಬರೋದು. 1976ರಲ್ಲಿ ಟ್ರೇಗರ್ ಮತ್ತು ಜೆನ್ಸನ್ ಇದನ್ನು ಲ್ಯಾಬ್‌ನಲ್ಲಿ ಸತತವಾಗಿ ಬೆಳೆಸಿ ತೋರಿಸಿದರು. ಆದರೆ ಪಾತ್ರೆಯಲ್ಲಿ ಎಲ್ಲ ವಯಸ್ಸಿನವೂ ಕಲಸುಮೇಲೋಗರ. ಔಷಧಿ ಯಾವ ಹಂತಕ್ಕೆ ತಾಕಿತು ಅಂತ ಹೇಗೆ ಹೇಳ್ತೀರಿ?

1979ರ ಉತ್ತರ: 5% ಸಾರ್ಬಿಟಾಲ್ ದ್ರಾವಣ. ಬಲಿತ ಪರಾವಲಂಬಿ ಇರುವ ಕಣದ ಪೊರೆ ಸಾರ್ಬಿಟಾಲನ್ನು ಒಳಗೆ ಬಿಡುತ್ತೆ, ಹಿಂದೆಯೇ ನೀರು ನುಗ್ಗುತ್ತೆ, ಕಣ ಒಡೆಯುತ್ತೆ. ಎಳೆಯವು ಉಳಿಯುತ್ತವೆ. ದುಬಾರಿ ಯಂತ್ರ ಬೇಡ, ಸಿಹಿಯಾದೊಂದು ಪುಡಿ ಸಾಕು. ಇಂಥ ಅಗ್ಗದ ಜಾಣತನ ನಂಗೆ ಬಹಳ ಇಷ್ಟ.

ನನ್ನ ತಕರಾರು 'ಸಿಂಕ್ರನೈಸ್' ಅನ್ನೋ ಪದದ ಮೇಲೆ. ಸಾರ್ಬಿಟಾಲ್ ಯಾರ ಗಡಿಯಾರವನ್ನೂ ತಿದ್ದಲ್ಲ. ದೊಡ್ಡವನ್ನು ಕೊಂದು ಚಿಕ್ಕವನ್ನು ಬಿಡುತ್ತೆ, ಅಷ್ಟೆ. 48 ಗಂಟೆ ಕಳೆದಾಗ ಸುಮಾರು 95% ಉಂಗುರ ಹಂತದಲ್ಲಿದ್ದವು ಅಂತಾರೆ ಲೇಖಕರು. ಸರಿ, ಆದರೆ ಆ ಹಂತವೇ ಹೆಚ್ಚುಕಡಿಮೆ 20 ಗಂಟೆಯದಲ್ವಾ! ಒಂದನೇ ಕ್ಲಾಸಿನಿಂದ ನಾಲ್ಕನೇ ಕ್ಲಾಸಿನವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಎಲ್ಲರೂ ಒಂದೇ ವಯಸ್ಸಿನವರು ಅಂದಹಾಗಾಯ್ತು. ಮುಂದಿನ ಸುತ್ತುಗಳಲ್ಲಿ ಈ ಅಂತರ ಇನ್ನೂ ಹಿಗ್ಗುತ್ತೆ.

ಇಲ್ಲಿ ನಾನೂ ಮುಗ್ಗರಿಸಿದ್ದೀನಿ. ಮಾಸ್ಟರ್ಸ್ ಪ್ರಾಜೆಕ್ಟ್‌ಗೆ ಸಿಕ್ಕ ಡೇಟಾದಲ್ಲಿ 'ಸಿಂಕ್ರನೈಸ್ಡ್' ಅಂತ ಒಂದು ಕಾಲಂ ಇತ್ತು, ಕಣ್ಣುಮುಚ್ಚಿ ನಂಬಿದೆ. ಮಾಡೆಲ್ ಚೆಂದವಾಗಿ ಎರಡು ಗುಂಪು ತೋರಿಸಿತು. ಔಷಧಿಯ ಪರಿಣಾಮ ಸಿಕ್ಕೇಬಿಡ್ತು ಅಂತ ಹಿಗ್ಗಿದೆ. ಮೂರು ವಾರ ಕಳೆದ ಮೇಲೆ ಗೊತ್ತಾಯ್ತು: ಒಂದು ಗುಂಪು ಇನ್ನೊಂದಕ್ಕಿಂತ ಕೆಲವು ಗಂಟೆ ದೊಡ್ಡದು, ಬೇರೇನೂ ಇಲ್ಲ.

ಆರ್ಟೆಮಿಸಿನಿನ್ ಔಷಧಿಗೆ ಪರಾವಲಂಬಿ ಬಗ್ಗುತ್ತೋ ಇಲ್ಲವೋ ಅಂತ ನೋಡುವ ಪರೀಕ್ಷೆಗೆ 0ರಿಂದ 3 ಗಂಟೆ ವಯಸ್ಸಿನ ಉಂಗುರಗಳೇ ಬೇಕು. ಹಾಗಾಗಿ ಅಲ್ಲಿ ಮೊದಲು ಪರ್ಕಾಲ್ ದ್ರಾವಣದಿಂದ ಬಲಿತವನ್ನು ಆರಿಸಿ, ಹೊಸ ಕಣಗಳಿಗೆ ನುಗ್ಗಲು ಮೂರು ಗಂಟೆ ಬಿಟ್ಟು, ಆಮೇಲೆ ಸಾರ್ಬಿಟಾಲ್ ಹಾಕ್ತಾರೆ. ಹಳೇ ಪುಡಿಯೇ, ಆದರೆ ಎಷ್ಟು ಗಂಟೆ ಅಂತ ಬಾಯಿಬಿಟ್ಟು ಹೇಳ್ತಾರೆ. ನಾನೀಗ ಯಾವ ಪ್ರಬಂಧ ತೆರೆದರೂ ಮೊದಲು ಹುಡುಕೋದು ಆ ಸಂಖ್ಯೆಯನ್ನೇ.