ರುಸ್ತಾಕ್ ನೋಡಲೂ ಆಟೊದ ಕಣ್ಣೇ ಬೇಕು

ಹಳೆಯ ಬಂದರು ಊರನ್ನು ನೋಡಲು ಆಟೊಗಿಂತ ಒಳ್ಳೆಯ ವಾಹನವಿಲ್ಲ ಎಂಬುದಕ್ಕೆ ನಮ್ಮ ಮಂಗಳೂರೇ ಸಾಕ್ಷಿ. ಹಂಪನಕಟ್ಟೆಯಲ್ಲಿ ರಿಕ್ಷಾ ಹತ್ತಿ ಭವಂತಿ ಬೀದಿಗೆ ಇಳಿದು, ರಥಬೀದಿಯ ವೆಂಕಟರಮಣ ದೇವಸ್ಥಾನದ ಎದುರಿಗೆ ಹಾದು, ಅಜೀಜುದ್ದೀನ್ ರಸ್ತೆ ಹಿಡಿದು ಬಂದರಿನ ದಕ್ಕೆ ಮುಟ್ಟುವ ದಾರಿ ಗೂಡ್ಸ್ ಗಾಡಿಗಳಿಗೂ ತಲೆಹೊರೆಯವರಿಗೂ ಬೆಳೆದ ದಾರಿ. ಅದರ ಅಗಲವನ್ನು ತೀರ್ಮಾನಿಸಿದ್ದು ಎತ್ತಿನ ಗಾಡಿ. ಅಲ್ಲಿ ದೊಡ್ಡ ಕಾರು ತಂದವನ ಗಮನವೆಲ್ಲ ಕನ್ನಡಿಯ ಮೇಲೆ, ಎದುರಿನ ಲಾರಿಯ ಮೇಲೆ ಇರುತ್ತದೆ. ಆಟೊದಲ್ಲಿ ಕುಳಿತವನಿಗೆ ಎರಡೂ ಬದಿ ತೆರೆದಿರುತ್ತದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಒಣಮೀನು, ಅಡಿಕೆ, ಬೆಲ್ಲ, ಗೋಣಿಚೀಲ ಎಲ್ಲವೂ ಕೈಗೆಟಕುವ ದೂರದಲ್ಲಿ, ವಾಸನೆಯ ಸಮೇತ ಬರುತ್ತವೆ. ಮರದ ಕೆತ್ತನೆಯ ಜೀನತ್ ಬಕ್ಷ್ ಮಸೀದಿಯ ಎದುರು ನಿಲ್ಲಿಸಿ ಎಂದರೆ ಅಲ್ಲೇ ನಿಲ್ಲುತ್ತದೆ. ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಹಡಗಿಗೆ ಸಾಮಾನು ಏರಿಸುವುದನ್ನು ನೋಡಬೇಕೆಂದರೆ ಚಾಲಕ ಐದು ನಿಮಿಷ ಎಂಜಿನ್ ಆರಿಸಿ ಕಾಯುತ್ತಾನೆ. ಪಣಂಬೂರಿನಲ್ಲಿ ಹೊಸ ಬಂದರು ಬಂದ ಮೇಲೂ ಹಳೆ ಬಂದರು ಬದುಕಿರುವುದು ಇಂಥ ಸಣ್ಣ ವಹಿವಾಟಿನಿಂದಲೇ. ಅದನ್ನು ಕಾಣಲು ಸಣ್ಣ ಗಾಡಿಯೇ ಬೇಕು.

ಈ ವಾರ ಇದೇ ಮಾತನ್ನು ಒಮಾನಿನ ರುಸ್ತಾಕ್‌ಗೆ ಅನ್ವಯಿಸಿ ವಾದಿಸಲು ಹೊರಟಿದ್ದೇನೆ. ರುಸ್ತಾಕ್‌ನಲ್ಲಿ ಆಟೊ ಇಲ್ಲ, ಕಡಲೂ ಇಲ್ಲ. ಹಜರ್ ಬೆಟ್ಟಸಾಲಿನ ಬುಡದಲ್ಲಿ, ಬಾತಿನಾ ಕರಾವಳಿಯಿಂದ ಸುಮಾರು 45 ಕಿಲೋಮೀಟರ್ ಒಳಗೆ ಇರುವ ಖರ್ಜೂರದ ತೋಟಗಳ ಊರು ಅದು. ಮಸ್ಕತ್ತಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಅದು ರಜಾ ದಿನದ ಸುತ್ತಾಟದ ಒಂದು ನಿಲುಗಡೆ. ಬೆಳಿಗ್ಗೆ ಹೊರಟು ನಖಲ್ ಕೋಟೆ, ರುಸ್ತಾಕ್ ಕೋಟೆ, ಹಜ್ಮ್ ಕೋಟೆ ಮೂರನ್ನೂ ಮುಗಿಸಿ ರಾತ್ರಿಯ ಊಟಕ್ಕೆ ಮನೆ ಸೇರುವ ಯೋಜನೆ ಎಲ್ಲರ ಬಾಯಲ್ಲೂ ಇದೆ. ಹಾಗೆ ನೋಡಿದವರಿಗೆ ಮೂರು ಕೋಟೆಗಳ ಫೋಟೊ ಸಿಗುತ್ತದೆ, ರುಸ್ತಾಕ್ ಸಿಗುವುದಿಲ್ಲ. ಯಾಕೆಂದರೆ ಅದು ಒಂಟಿ ಕೋಟೆಯ ಊರಲ್ಲ. ಮಸ್ಕತ್ತಿನ ಬಂದರಿಗೆ ಹಿಂದಿನಿಂದ ಆನಿಕೆ ಕೊಟ್ಟ ಊರು. ಬಂದರನ್ನು ಹೇಗೆ ನೋಡುತ್ತೇವೋ ಹಾಗೆಯೇ ಅದನ್ನೂ ನೋಡಬೇಕು.

ಕನ್ನಡಿಗರಿಗೆ ಇದು ಬೇಗ ಅರ್ಥವಾಗಬೇಕು, ನಮ್ಮಲ್ಲೂ ಇಂಥದೇ ಏರ್ಪಾಡು ಇತ್ತು. ಮಂಗಳೂರು, ಬಸರೂರು, ಹೊನ್ನಾವರ ಬಂದರುಗಳನ್ನು ಆಳಿದ ಕೆಳದಿಯ ನಾಯಕರು ಕಡಲ ದಂಡೆಯಲ್ಲಿ ಕೂರಲಿಲ್ಲ. ಘಟ್ಟದ ಮೇಲೆ ಇಕ್ಕೇರಿಯಲ್ಲಿ, ಆಮೇಲೆ ಬಿದನೂರಿನಲ್ಲಿ ಕೂತರು. ಫಿರಂಗಿ ಹಡಗಿನ ತೋಪು ಮುಟ್ಟದ ಜಾಗದಿಂದ ಅಕ್ಕಿ, ಮೆಣಸುಗಳ ಸುಂಕವನ್ನು ಹಿಡಿತದಲ್ಲಿಟ್ಟರು. ಒಮಾನಿನಲ್ಲಿ ಆ ಜಾಗ ರುಸ್ತಾಕ್. 1624ರಲ್ಲಿ ನಾಸಿರ್ ಬಿನ್ ಮುರ್ಷಿದ್ ಇಮಾಮನಾಗಿ, ಅಂದರೆ ನಾಡನ್ನು ಆಳುವವನಾಗಿ, ಆಯ್ಕೆಯಾದದ್ದು ಅಲ್ಲಿ. ಅವನಿಂದ ಶುರುವಾದ ಯಾರುಬಿ ವಂಶ 1650ರಲ್ಲಿ ಪೋರ್ಚುಗೀಸರನ್ನು ಮಸ್ಕತ್ತಿನಿಂದ ಹೊರಹಾಕಿತು. ಅದೇ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ನಮ್ಮ ಕರಾವಳಿಯ ಕೋಟೆಗಳನ್ನು ಪೋರ್ಚುಗೀಸರಿಂದ ಕಸಿದುಕೊಂಡ. ಮಸ್ಕತ್ತಿನಲ್ಲಿದ್ದ ಪೋರ್ಚುಗೀಸ್ ಕಾವಲು ಪಡೆ ಉಣ್ಣುತ್ತಿದ್ದುದು ಕೆನರಾ ಕರಾವಳಿಯಿಂದ ಹೋದ ಅಕ್ಕಿಯನ್ನು. ಒಂದೇ ಎದುರಾಳಿ, ಒಂದೇ ಅಕ್ಕಿಯ ದಾರಿ, ಅದರ ಎರಡು ತುದಿಯಲ್ಲಿ ಬೆಟ್ಟದ ಕಡೆಯಿಂದ ಇಳಿದು ಬಂದ ಇಬ್ಬರು ಅರಸರು. ನಮ್ಮ ಶಾಲೆಯ ಇತಿಹಾಸ ಪುಸ್ತಕಗಳು ಈ ಎರಡನ್ನೂ ಒಟ್ಟಿಗೆ ಹೇಳುವುದಿಲ್ಲ, ಹೇಳಬೇಕಿತ್ತು.

ರುಸ್ತಾಕ್ ಕೋಟೆಯೊಳಗೆ ಇಮಾಮ್ ಸೈಫ್ ಬಿನ್ ಸುಲ್ತಾನನ ಸಮಾಧಿ ಇದೆ. ಅವನು 1692ರಿಂದ 1711ರವರೆಗೆ ಆಳಿದ. 1695ರಲ್ಲಿ ಮಸ್ಕತ್ತಿನ ಅರಬರ ಹಡಗುಗಳು ಮಂಗಳೂರಿಗೆ ಬಂದು ಬೆಂಕಿ ಇಟ್ಟದ್ದು ಅವನ ಕಾಲದಲ್ಲಿ, ಅರಬರ ವ್ಯಾಪಾರಕ್ಕೆ ಪೋರ್ಚುಗೀಸರು ಹಾಕಿದ ಕಟ್ಟಳೆಗಳ ಸೇಡಿಗೆ. 1698ರಲ್ಲಿ ಆಫ್ರಿಕದ ಮೊಂಬಾಸಾದ ಫೋರ್ಟ್ ಜೀಸಸ್ ಒಮಾನಿಗಳ ಕೈಸೇರಿದ್ದೂ ಅವನ ಕಾಲದಲ್ಲಿ. ಇಷ್ಟು ದೊಡ್ಡ ನೌಕಾಪಡೆಯ ಒಡೆಯ ಅಲೆಯ ಸದ್ದು ಕೇಳಿಸದ ಊರಿನಲ್ಲಿ ಮಣ್ಣಾದದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೋಟೆಯ ಒಳಗಿಲ್ಲ, ಹೊರಗಿನ ತೋಟದಲ್ಲಿದೆ. ಕಡಲಿನಿಂದ ಬಂದ ಹಣವನ್ನು ಅವನು ಫಲಜ್‌ಗಳ ದುರಸ್ತಿಗೆ, ಖರ್ಜೂರದ ಮರ ನೆಡಿಸುವುದಕ್ಕೆ ಸುರಿದ. ಫಲಜ್ ಎಂದರೆ ಬೆಟ್ಟದ ಬುಡದ ನೀರನ್ನು ಪಂಪಿನ ಹಂಗಿಲ್ಲದೆ, ಇಳಿಜಾರಿನ ಬಲದಿಂದಲೇ ಊರಿಗೆ ಹರಿಸುವ ಕಾಲುವೆ. ಕೆಲವು ಕಡೆ ಅದು ನೆಲದಡಿಯ ಸುರಂಗವಾಗಿ, ಊರು ಹತ್ತಿರವಾದಂತೆ ಮೊಳದಗಲದ ತೆರೆದ ಗಾರೆಯ ತೋಡಾಗಿ ಹರಿಯುತ್ತದೆ. ಮೊದಲ ಪಾಲು ಕುಡಿಯುವ ನೀರಿಗೆ, ಆಮೇಲೆ ಮಸೀದಿಗೆ ಮತ್ತು ಸ್ನಾನಕ್ಕೆ, ಕೊನೆಗೆ ತೋಟಕ್ಕೆ. ತೋಟದವರಿಗೆ ನೀರು ಸಿಗುವುದು ಸಮಯದ ಲೆಕ್ಕದಲ್ಲಿ. ಹಗಲು ಕಂಬದ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಬದಲಾಯಿಸುತ್ತಿದ್ದ ಪದ್ಧತಿ ಒಮಾನಿನ ಹಳ್ಳಿಗಳಲ್ಲಿ ಬಹುಕಾಲ ನಡೆಯಿತು. ರುಸ್ತಾಕ್‌ನ ಫಲಜ್ ಅಲ್ ಮುಯಸ್ಸರ್ 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಒಮಾನಿನ ಐದು ಫಲಜ್‌ಗಳಲ್ಲಿ ಒಂದು. ಅದು ಹರಿಯುವ ದಾರಿಯನ್ನು ನೋಡದೆ ಕೋಟೆಯ ನಾಲ್ಕು ಬುರುಜು ಹತ್ತಿ ಇಳಿದು ಬಂದರೆ ಖಜಾನೆಯ ಪೆಟ್ಟಿಗೆ ನೋಡಿದಂತಾಗುತ್ತದೆ, ಆ ದುಡ್ಡು ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ.

ಹಾಗಾದರೆ ಆಟೊ ಇಲ್ಲದ ಊರಿನಲ್ಲಿ ಆಟೊದ ಹಾಗೆ ನೋಡುವುದು ಹೇಗೆ? ಸ್ವಂತ ಕಾರನ್ನು ಕೋಟೆಯ ಬಳಿ ಬಿಡಬೇಕು. ಊರಿನದೇ ಬಿಳಿ-ಕಿತ್ತಳೆ ಬಣ್ಣದ ಟ್ಯಾಕ್ಸಿಯೊಂದನ್ನು ಗಂಟೆಯ ಲೆಕ್ಕಕ್ಕೆ ಹಿಡಿಯಬೇಕು, ದರವನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಒಮಾನಿನಲ್ಲಿ ಟ್ಯಾಕ್ಸಿ ಓಡಿಸುವ ಕೆಲಸ ಒಮಾನಿ ಪ್ರಜೆಗಳಿಗೇ ಮೀಸಲು. ಹಾಗಾಗಿ ಚಾಲಕ ಆ ನಾಡಿನವನೇ ಆಗಿರುತ್ತಾನೆ, ಊರಿನ ಟ್ಯಾಕ್ಸಿಯಾದರೆ ಬಹುಮಟ್ಟಿಗೆ ಆ ಸೀಮೆಯವನೇ. ಹಳೆ ಸೂಕ್ ಅಂದರೆ ಪೇಟೆ, ಅಲ್ಲಿಂದ ಮಣ್ಣಿನ ಗೋಡೆಗಳ ನಡುವಿನ ತೋಟದ ಓಣಿಯ ಬಾಯಿ, ಆಮೇಲೆ ಐನ್ ಅಲ್ ಕಸ್ಫಾ ಬಿಸಿನೀರಿನ ಬುಗ್ಗೆ. ಈ ಕ್ರಮ ಸಾಕು. ಬುಗ್ಗೆಯ ನೀರು ಸುಮಾರು 45 ಡಿಗ್ರಿ ಬಿಸಿ. ಅದು ಬರಿಯ ಸ್ನಾನದ ಜಾಗವೆಂದು ತಿಳಿದವರು ಅಲ್ಲಿಂದ ಹೊರಟ ತೋಡುಗಳು ಯಾವ ತೋಟಕ್ಕೆ ಹೋಗುತ್ತವೆಂದು ಚಾಲಕನನ್ನೇ ಕೇಳಲಿ. ಓಣಿಯ ಬಾಯಲ್ಲಿ ಇಳಿದು ತೋಡಿನ ಪಕ್ಕ ನಡೆಯಬೇಕು, ಟ್ಯಾಕ್ಸಿ ಇನ್ನೊಂದು ತುದಿಯಲ್ಲಿ ಕಾಯಬೇಕು. ಬಂದರಿನಲ್ಲಿ ಆಟೊ ಮಾಡುವ ಉಪಕಾರ ಇದೇ. ಬೇಕಾದಲ್ಲಿ ಇಳಿಸುತ್ತದೆ, ಬಂದ ದಾರಿಯಲ್ಲೇ ಹಿಂದೆ ನಡೆಯುವ ಕೆಲಸ ತಪ್ಪಿಸುತ್ತದೆ, ಪಾರ್ಕಿಂಗ್ ಚಿಂತೆಯನ್ನು ನಮ್ಮ ತಲೆಯಿಂದ ತೆಗೆಯುತ್ತದೆ.

ಇದಕ್ಕೆ ಆಕ್ಷೇಪಗಳಿವೆ, ಕೆಲವು ನ್ಯಾಯವಾದವು. ಮನೆಯ ಐದು ಜನ, ಅದರಲ್ಲಿ ಅಜ್ಜಿ ಮತ್ತು ಚಿಕ್ಕ ಮಗು ಇದ್ದರೆ ತಮ್ಮದೇ ಕಾರು ಅನುಕೂಲ, ನಿಜ. ಅಂಥವರು ಬರುವುದಕ್ಕೆ ಹೋಗುವುದಕ್ಕೆ ಕಾರು ಇಟ್ಟುಕೊಳ್ಳಲಿ, ಊರೊಳಗಿನ ಎರಡು ಗಂಟೆಗೆ ಮಾತ್ರ ನನ್ನ ವಾದ ಅನ್ವಯ. ವಾದಿ ಬನಿ ಔಫ್‌ನ ಕಣಿವೆಗೆ ಹೋಗುವವರಿಗೆ ನಾಲ್ಕು ಚಕ್ರಕ್ಕೂ ಬಲ ಕೊಡುವ ದೊಡ್ಡ ಗಾಡಿಯೇ ಬೇಕು, ಅಲ್ಲಿ ಈ ಅಂಕಣಕಾರನ ಸಲಹೆ ನಡೆಯದು. ಬಿಸಿಲಿನ ಮಾತು ಇನ್ನೂ ಗಟ್ಟಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಆ ಓಣಿಗಳಲ್ಲಿ ಮಧ್ಯಾಹ್ನ ನಡೆಯಿರಿ ಎಂದು ಯಾರೂ ಹೇಳಲಾರರು. ಆದರೆ ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗು ಹಿತವಾಗಿರುತ್ತದೆ, ಖರ್ಜೂರದ ನೆರಳು ಬೇರೆ. ಬಾಡಿಗೆ ಚಾಲಕರು ಇತಿಹಾಸ ತಪ್ಪು ಹೇಳುತ್ತಾರೆ, ಕಮಿಷನ್ ಕೊಡುವ ಅಂಗಡಿಗೆ ಕರೆದೊಯ್ಯುತ್ತಾರೆ ಎಂಬ ದೂರು ಎಲ್ಲ ಪ್ರವಾಸಿ ಊರುಗಳಲ್ಲೂ ಇದೆ. ಇಸವಿಗಳನ್ನು ಪುಸ್ತಕದಿಂದ ಓದಿಕೊಂಡೇ ಹೋಗಬೇಕು. ಚಾಲಕನಿಂದ ತಿಳಿಯಬೇಕಾದ್ದು ಬೇರೆ: ಇವತ್ತು ಯಾರ ತೋಟಕ್ಕೆ ನೀರಿನ ಸರದಿ, ಯಾವ ತೋಡು ಒಣಗಿದೆ, ಯಾರ ಹಲ್ವಾ ಊರಿನವರು ಮದುವೆಗೆ ಕೊಳ್ಳುತ್ತಾರೆ. ಇದನ್ನು ಯಾವ ಫಲಕವೂ ಹೇಳುವುದಿಲ್ಲ. ಭಾಷೆ ಅಂಥ ದೊಡ್ಡ ತೊಡಕಲ್ಲ, ಒಮಾನಿನ ಅನೇಕ ಚಾಲಕರಿಗೆ ವ್ಯವಹಾರಕ್ಕೆ ಸಾಕಾಗುವಷ್ಟು ಹಿಂದಿ ಬರುತ್ತದೆ.

ತೋಟಗಳು ಖಾಸಗಿ, ಅಲ್ಲಿ ನುಗ್ಗುವುದು ಸರಿಯಲ್ಲ ಎಂಬ ಆಕ್ಷೇಪವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಊರಿನ ಚಾಲಕ ಬೇಕೆನ್ನಲು ಅದೂ ಒಂದು ಕಾರಣ. ಅವನು ಸಲಾಂ ಹೇಳಿ ಕೇಳಿದರೆ ತೋಟದವರು ಒಳಗೆ ಕರೆಯಬಹುದು, ಬೇಡವೆಂದರೆ ಹೊರಗಿನಿಂದಲೇ ನೋಡಿ ಮುಂದೆ ಹೋದರಾಯಿತು. ಫಲಜ್‌ನ ಹೆಂಗಸರ ಸ್ನಾನದ ಜಾಗ ಯಾವುದೆಂದು ಅವನಿಗೆ ಗೊತ್ತು, ನಮಗೆ ಗೊತ್ತಿರುವುದಿಲ್ಲ. ಕ್ಯಾಮೆರಾ ಹಿಡಿದು ಅತ್ತ ಹೋಗಿ ಊರಿನವರ ಮನಸ್ಸು ನೋಯಿಸುವುದು ಇದರಿಂದ ತಪ್ಪುತ್ತದೆ.

ಯಾರುಬಿಗಳ ನಂತರವೂ ರುಸ್ತಾಕ್ ಮಂಕಾಗಲಿಲ್ಲ. ಈಗಿನ ರಾಜವಂಶದ ಮೂಲಪುರುಷ ಅಹ್ಮದ್ ಬಿನ್ ಸೈದ್ ಅಲ್ಲಿಂದಲೇ ಆಳಿ 1783ರಲ್ಲಿ ಅಲ್ಲೇ ತೀರಿಕೊಂಡ. ಅದಾಗಿ ಎರಡು ಮೂರು ವರ್ಷದಲ್ಲಿ ಟಿಪ್ಪು ಸುಲ್ತಾನ ಮಸ್ಕತ್ತಿನ ತನ್ನ ವ್ಯಾಪಾರ ಕೋಠಿಗೆ ಬರೆದ ಪತ್ರಗಳಲ್ಲಿ ಗಂಧ, ಮೆಣಸು, ಅಕ್ಕಿಯ ಲೆಕ್ಕದ ಜೊತೆ ರೇಷ್ಮೆ ಹುಳು ಕಳಿಸಿರೆಂಬ ಕೋರಿಕೆಯೂ ಇದೆ. ಮುಂದೆ ಆಡಳಿತ ಮಸ್ಕತ್ತಿಗೆ ಸರಿಯಿತು, ರುಸ್ತಾಕ್‌ಗೆ ಅದರ ತೋಟಗಳು ಉಳಿದವು.

ಆದ್ದರಿಂದ ಬರುವ ಚಳಿಗಾಲದಲ್ಲಿ ಒಂದೇ ದಿನಕ್ಕೆ ಮೂರು ಕೋಟೆಯ ಯೋಜನೆ ಬಿಡಿ. ನಖಲ್ ಇನ್ನೊಂದು ವಾರಕ್ಕಿರಲಿ. ಬೆಳಗಿನ ಹೊತ್ತು ಪೂರ್ತಿ ರುಸ್ತಾಕ್‌ಗೆ ಕೊಡಿ, ವಾಪಸ್ ಬರುವಾಗ ಕರಾವಳಿಯ ದಾರಿಯಲ್ಲೇ ಸಿಗುವ ಹಜ್ಮ್‌ನಲ್ಲಿ ಪೋರ್ಚುಗೀಸ್ ತೋಪುಗಳನ್ನು ನೋಡಿ. ಊರಿಗೆ ರಜೆಯಲ್ಲಿ ಬಂದಾಗ ಮಂಗಳೂರಿನ ಬಂದರನ್ನು ಆಟೊದಲ್ಲಿ ಸುತ್ತಿ, ಮರುದಿನ ಘಟ್ಟ ಹತ್ತಿ ಹೊಸನಗರ ತಾಲೂಕಿನ ನಗರಕ್ಕೆ, ಅಂದರೆ ಹಳೆಯ ಬಿದನೂರಿಗೆ ಹೋಗಿ. ಅಲ್ಲಿಯೂ ಊರಿನದೇ ಆಟೊ ಹಿಡಿಯಿರಿ.