ಹಲಗಲಿಯ ಲಾವಣಿ: ಅಚ್ಚು ಮತ್ತು ಕಂಠ

1857ರ ನಿಃಶಸ್ತ್ರೀಕರಣ ಶಾಸನವನ್ನು ಧಿಕ್ಕರಿಸಿದ ಹಲಗಲಿ ಬೇಡರ ಲಾವಣಿಯನ್ನು 1880ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಪ್ರಕಟಿಸಿದವರು ಆಂಗ್ಲ ಅಧಿಕಾರಿ ಜೆ. ಎಫ್. ಫ್ಲೀಟ್. ಆಯುಧವನ್ನು ಕಸಿದ ಆಳ್ವಿಕೆಯ ಕೈಯೇ ಹಾಡನ್ನು ಕಾದಿರಿಸಿತು! ಈ ಉಪಕಾರವನ್ನು ಮರೆಯಲಾಗದು. ಅದರ ಮಿತಿಯನ್ನೂ ಅರಿಯಬೇಕು. ಆಳುವವರ ಕಣ್ಣಿಗೆ ಅದು ದಂಗೆ. ಲಾವಣಿಕಾರನಿಗೆ ಮಾನದ ಪ್ರಶ್ನೆ. ಸೋಲನ್ನು ಮುಚ್ಚಿಡದೆ ಶೌರ್ಯವನ್ನು ಹಾಡಿದ್ದೇ ಅವನ ಹಿರಿಮೆ. ಅಚ್ಚಿನಲ್ಲಿ ಪದಗಳುಳಿದವು, ಡಪ್ಪಿನ ಗತ್ತು, ಹಿಮ್ಮೇಳದ ಏರಿಳಿತಗಳು ಉಳಿಯಲಿಲ್ಲ. ಅವು ಕಂಠದಿಂದ ಕಂಠಕ್ಕೇ ಇಳಿದು ಬರಬೇಕು. ಲೋಕದ ಹಾಡೆಲ್ಲ ಅಂಗೈಯ ಮೊಬೈಲಿಗೆ ಬಂದಿಳಿಯುವ ಇಂದು, 1858ರಲ್ಲಿ ಬಂಡಾಯವೆದ್ದ ನರಗುಂದದ ನೆರೆಯ ಯಾವಗಲ್ಲಿನ ಭಕ್ತರು ಜಾತ್ರೆಯ ಒಂದು ಇರುಳನ್ನು ಲಾವಣಿಗೆ ಮೀಸಲಿಟ್ಟರೆ, ಪುಸ್ತಕ ಉಳಿಸಲಾರದುದು ಉಳಿದೀತು.