ಆತ್ಮಕಥೆಗಳಲ್ಲಿ ವಿದ್ಯಾರ್ಥಿಯ ದುಡಿಮೆ ಮತ್ತು ವಿರಾಮ

ಕನ್ನಡದ ಆತ್ಮಕಥೆಗಳನ್ನು ನಾವು ಬಹುಮಟ್ಟಿಗೆ ವ್ಯಕ್ತಿತ್ವವಿಕಾಸದ ದೃಷ್ಟಿಯಿಂದಲೇ ವಿಮರ್ಶಿಸುತ್ತ ಬಂದಿದ್ದೇವೆ. ಅಲ್ಲಿನ ವಿದ್ಯಾರ್ಥಿಯ ಒಂದು ದಿನವು ದುಡಿಮೆ, ಓದು, ನಿದ್ರೆಗಳಲ್ಲಿ ಹೇಗೆ ಹಂಚಿಹೋಗಿದೆಯೆಂದು ನೋಡುವ ಗೋಜಿಗೆ ಹೋಗಿಲ್ಲ.

ಕುವೆಂಪು ಅವರ ‘ನೆನಪಿನ ದೋಣಿಯಲಿ’ (1980) ಈ ದೃಷ್ಟಿಯಿಂದ ಸಮೃದ್ಧವಾದ ಕೃತಿ. ಹಳೆಯ ದಿನಚರಿಗಳ ಆಧಾರವಿರುವುದರಿಂದ ಮಹಾರಾಜಾ ಕಾಲೇಜಿನ ತರಗತಿ, ಗ್ರಂಥವ್ಯಾಸಂಗ, ಶ್ರೀರಾಮಕೃಷ್ಣಾಶ್ರಮದ ವಾಸ, ಕುಕ್ಕನಹಳ್ಳಿ ಕೆರೆಯ ಕಡೆಗಿನ ಸಂಚಾರ ಇವೆಲ್ಲವೂ ಒಂದೇ ಬದುಕಿನ ಅಂಗಗಳಾಗಿ ತೋರುತ್ತವೆ. ಇಲ್ಲಿ ವಿರಾಮವು ಓದಿನಿಂದ ಕದ್ದ ಕಾಲವಲ್ಲ. ಅದೂ ಒಂದು ಬಗೆಯ ವ್ಯಾಸಂಗವೇ. ಆದರೆ ಈ ಸಾಮರಸ್ಯಕ್ಕೆ ಆಶ್ರಮದ ಆಸರೆಯಿತ್ತೆಂಬುದನ್ನು ಮರೆಯಲಾಗದು.

ಭೈರಪ್ಪನವರ ‘ಭಿತ್ತಿ’ಯಲ್ಲಿ (1996) ಅಂತಹ ಆಸರೆಯಿಲ್ಲ. ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡು, ಮುಂಬಯಿಯ ರೈಲು ನಿಲ್ದಾಣದಲ್ಲಿ ಕೂಲಿ ಮಾಡಿ, ಮರಳಿ ಬಂದು ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನು ಓದಿದ ತರುಣನ ಕಥೆಯದು. ಕೃತಿಯ ಸತ್ತ್ವ ನಿರ್ವಿವಾದ. ನಮ್ಮ ಆಕ್ಷೇಪಣೆ ಅದನ್ನು ಓದಿಸುವ ಕ್ರಮಕ್ಕೆ ಸಂಬಂಧಿಸಿದ್ದು. ಅಧ್ಯಾಪಕರಾದ ನಾವು ಅಲ್ಲಿಯ ಹಸಿವನ್ನು ಸದ್ಗುಣವೆಂದು ಬೋಧಿಸುತ್ತೇವೆ; ಗೆದ್ದವನೊಬ್ಬನು ಬರೆದದ್ದನ್ನು ಎಲ್ಲರಿಗೂ ಮೇಲ್ಪಂಕ್ತಿಯಾಗಿ ಒಡ್ಡುತ್ತೇವೆ. ನಡುದಾರಿಯಲ್ಲಿ ಕಾಲೇಜು ಬಿಟ್ಟವರು ಆತ್ಮಕಥೆ ಬರೆಯುವುದಿಲ್ಲವಷ್ಟೆ!

ಹನೂರು ತಾಲ್ಲೂಕಿನ ಹೂಗ್ಯಂನಿಂದ ಕೊಳ್ಳೇಗಾಲದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನನ್ನು ಭಾವಿಸೋಣ. ಊರ ಸುತ್ತಲಿನದು 2013ರಲ್ಲಿ ವನ್ಯಜೀವಿಧಾಮವಾದ ಮಲೆ ಮಹದೇಶ್ವರ ಬೆಟ್ಟದ ಕಾಡು. ಪೈರು ಬಲಿಯುವ ಕಾಲಕ್ಕೆ ಆನೆ ಹೊಲಕ್ಕಿಳಿಯುತ್ತದೆ. ಮನೆಯಲ್ಲಿ ಗಟ್ಟಿಮುಟ್ಟಾದ ಹುಡುಗನಿದ್ದರೆ ರಾತ್ರಿಯ ಕಾವಲು ಅವನದು. ಬೆಳಗಾದರೆ ಬಸ್ಸು ಹಿಡಿಯಬೇಕು. ಪ್ರಾಯದವರಿಗೆ ಕನಿಷ್ಠ 7 ಗಂಟೆಗಳ ನಿದ್ರೆ ಬೇಕೆಂದು ಅಮೆರಿಕದ ನಿದ್ರಾತಜ್ಞರು 2015ರಲ್ಲಿ ವಿಧಿಸಿದರು. ಆ ಲೆಕ್ಕ ಆನೆಗೆ ತಿಳಿಯದು. ಅಂಥವನು ತರಗತಿಯಲ್ಲಿ ತೂಕಡಿಸಿದರೆ ನಾವು ಆಲಸ್ಯವೆನ್ನುತ್ತೇವೆ. ಅದೇ ಗಂಟೆಯಲ್ಲಿ ‘ಭಿತ್ತಿ’ಯ ನಾಯಕನ ಶ್ರಮವನ್ನು ಹೊಗಳುತ್ತೇವೆ. ಅವನ ಅಕ್ಕತಂಗಿಯರ ನೀರು, ಒಲೆ, ದನಕರುಗಳ ಕೆಲಸಕ್ಕಂತೂ ದುಡಿಮೆಯೆಂಬ ಹೆಸರೂ ಇಲ್ಲ. ಮೇಲಿನ ಎರಡೂ ಗ್ರಂಥಗಳು ಪುರುಷರವೆಂಬುದನ್ನು ಇಲ್ಲಿ ನೆನೆಯಬೇಕು.

ಆದುದರಿಂದ ಈ ಕೃತಿಗಳನ್ನು ಪಾಠ ಹೇಳುವ ಮೊದಲು, ವಿದ್ಯಾರ್ಥಿಗಳಿಂದ ಅವರವರ ಒಂದು ವಾರದ ದಿನಚರಿಯನ್ನು ಬರೆಯಿಸಿ, ಅದರೊಡನೆ ಅವನ್ನು ಹೋಲಿಸಿ ಓದುವುದು ಲೇಸೆಂದು ನಮಗೆ ತೋರುತ್ತದೆ. ಆ ವಾರ ರಾಗಿಯ ಕೊಯ್ಲಿನ ಕಾಲದ್ದಾದರೆ ಇನ್ನೂ ಒಳಿತು.